ನಿಲ್ಲು, ಮುಖ ಬರಲಿ

ಮಾಮನ ಬಲಗೈ ತೋರುಬೆರಳಿನ ತುದಿಯಲ್ಲಿ ಬೆಸುಗೆ ಕಡ್ಡಿ ಸುಟ್ಟ ಮೂರು ಕಲೆಗಳಿದ್ದವು, ಒಂದರ ಪಕ್ಕ ಒಂದು, ಹುಣಸೆಬೀಜದ ಬಣ್ಣ. ಆ ಕೈಯನ್ನು ಎಡಗೈಗೆ ತಟ್ಟಿ ಒಂದೇ ಒಂದು ಚಪ್ಪಾಳೆ ಹೊಡೆಯುತ್ತಿದ್ದರು. ಎರಡನೆಯದು ಎಂದೂ ಇಲ್ಲ. ವೆಸ್ಟ್ ಮಾಂಬಲಂನಲ್ಲಿ, ರೈಲು ಸ್ಟೇಷನ್ನಿನ ಹತ್ತಿರ, ನಮ್ಮ ಗಲ್ಲಿಯಲ್ಲೇ ಟೀವಿ, ಸ್ಪೀಕರು ರಿಪೇರಿ ಮಾಡುವ ಅಂಗಡಿ ಅವರದು. ನೆಂಟಸ್ತಿಕೆ ಏನೂ ಇಲ್ಲ. ಈ ತಮಿಳು ಊರಿನಲ್ಲಿ ಕನ್ನಡ ಮಾತಾಡುವವರು ಎಂಬ ಒಂದೇ ಕಾರಣಕ್ಕೆ ನನಗೆ ಮಾಮ ಆದರು. ಆ ಕನ್ನಡದಲ್ಲೂ ಅರ್ಧ ತಮಿಳು. ನನ್ನದೇನು ಅದಕ್ಕಿಂತ ಶುದ್ಧವಲ್ಲ ಬಿಡಿ.

ಅವರು ನಮ್ಮ ಮನೆಗೆ ಮೊದಲು ಬಂದದ್ದು ಅಮ್ಮನ ದೆಸೆಯಿಂದ. ನನ್ನ ತಮ್ಮ ಹೋಮ್ ಥಿಯೇಟರ್ ತಂದು ಕೂರಿಸಿದ ದಿನದಿಂದ ಅಮ್ಮ ಗೊಣಗುತ್ತಿದ್ದಳು, "ಬಾಯೊಂದು ಕಡೆ, ಮಾತೊಂದು ಕಡೆ." ನನಗೆ ಹಾಗೇನೂ ಕಾಣಲಿಲ್ಲ. ವಿಮಾ ಆಫೀಸಿನಲ್ಲಿ ಫೈಲು ಮುಗಿಸುವ ವೇಗದಲ್ಲೇ ಮನೆಯವರ ಮಾತನ್ನೂ ಮುಗಿಸುವವಳು ನಾನು. ಯಾರು ಅರ್ಧ ಹೇಳಿದರೂ ಉಳಿದರ್ಧ ನಾನೇ ಹೇಳಿಬಿಡುತ್ತೇನೆ. "ನಿನಗೆ ವಯಸ್ಸಾಯಿತು, ಅಷ್ಟೆ" ಎಂದುಬಿಟ್ಟೆ. ಅಮ್ಮ ಟೀವಿ ನೋಡುವುದನ್ನೇ ಬಿಟ್ಟಳು. ತನ್ನ ತಲೆಯೇ ಕೆಡುತ್ತಿದೆಯೆಂದು ಹೆದರಿದ್ದಾಳೆ ಎಂದು ತಮ್ಮ ಹೇಳಿದ ಮೇಲೆ ನನಗೆ ಸಂಕಟವಾಗಿ, ಎರಡು ಸಂಜೆ ರಿಮೋಟ್ ಹಿಡಿದು ಒದ್ದಾಡಿದೆ. ಒತ್ತಿದಷ್ಟೂ ಕೆಟ್ಟಿತು. ಕೊನೆಗೆ ಮಾಮನನ್ನು ಕರೆದೆ.

ಅವರು ಬಂದು ಪರದೆ ನೋಡಿದವರೇ ಬಿದ್ದು ಬಿದ್ದು ನಕ್ಕರು. ನಾನು ತುಟಿಗೂ ಮಾತಿಗೂ ತಾಳೆ ಹಾಕುತ್ತಿದ್ದದ್ದು ತಮಿಳಿಗೆ ಡಬ್ ಆದ ಹಿಂದಿ ಸೀರಿಯಲ್ ಇಟ್ಟುಕೊಂಡು!

"ಏನ್ ಕಣ್ಣಾ, ಹಿಂದಿಯವಳ ಬಾಯಿಗೆ ತಮಿಳು ಕೂರ್ಸೋಕೆ ಹೊರಟಿದೀಯಾ? ಈ ಜನ್ಮದಲ್ಲಿ ಆಗಲ್ಲ. ರಿಮೋಟ್ ಇಲ್ಲಿ ಕೊಡು."

ಜೇಬಿನಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿದರು. ಅದರಲ್ಲಿದ್ದದ್ದು ಒಂದೇ ವೀಡಿಯೊ, ಚಿತ್ರಕ್ಕೂ ಸದ್ದಿಗೂ ತಾಳೆ ನೋಡಲೆಂದೇ ತೆಗೆದದ್ದು: ಬನಿಯನ್ ತೊಟ್ಟ ಮಾಮ, ಅಂಗಡಿಯ ಬಾಗಿಲಲ್ಲಿ ನಿಂತು, ಒಂದು ಚಪ್ಪಾಳೆ. ಪರದೆಯ ಮೇಲೆ ಕೈಗಳು ಇನ್ನೂ ಕೂಡಿರಲಿಲ್ಲ, ಆಗಲೇ 'ಟಪ್' ಎಂದಿತು. ಮಾಮನ ನಗು ನಿಂತಿತು. ಅಮ್ಮನ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳಿದರು: "ನೀವ್ ಹೇಳಿದ್ದು ಸರೀನೇ ಅಕ್ಕಾ. ತಪ್ಪು ಪೆಟ್ಟಿಗೇದು. ನಿಮ್ದಲ್ಲ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನನ್ನು ಅಡಿಗೆಮನೆಗೆ ಕರೆದು ಮಾಮ ಮೆಲ್ಲಗೆ ಹೇಳಿದರು, "ಅಕ್ಕಂಗೆ ಕಿವಿ ಮಂದ ಆಗಿದೆ. ತುಟಿ ನೋಡಿ ಅರ್ಥ ಮಾಡ್ಕೋತಿದಾರೆ. ಅದಕ್ಕೇ ನಮ್ಗೆ ತಿಳೀದೆ ಇರೋ ವ್ಯತ್ಯಾಸ ಅವ್ರಿಗೆ ತಿಳಿಯತ್ತೆ." ಅವರಿಗೆ ಹತ್ತು ನಿಮಿಷದಲ್ಲಿ ಗೊತ್ತಾದದ್ದು ಒಂದೇ ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ.

"ಟೀವಿ ಮುಖಕ್ಕೆ ಪೌಡರ್ ಹಚ್ಚಿ, ಚೆಂದ ಮಾಡಿ ಕಳಿಸತ್ತೆ. ಅದಕ್ಕೇ ಮುಖ ಲೇಟು. ಮಾತಿಗೆ ಅದೆಲ್ಲ ಇಲ್ಲ, ಓಡಿ ಬಂದ್ಬಿಡತ್ತೆ. ಹಿಂದೆ ಇರೋನ್ನ ಎಳೆಯೋಕಾಗಲ್ಲ ಕಣ್ಣಾ. ಮುಂದೆ ಬಂದೋನ್ನೇ ನಿಲ್ಲಿಸ್ಬೇಕು." ಹೀಗೆನ್ನುತ್ತಾ ಮತ್ತೆ ಟೀವಿ ಮುಂದೆ ಬಂದು ಕೂತು, ಶಬ್ದವನ್ನು ತಡಮಾಡುವ ಬಟನ್ ಒತ್ತತೊಡಗಿದರು. ಒಂದೊಂದು ಒತ್ತಿಗೂ ಶಬ್ದದೊಡನೆಯೇ ಮಾತು: "ಕೊಂಜಂ, ಒಂಚೂರು ನಿಲ್ಲು. ನಿಲ್ಲು ಕಣ್ಣಾ, ಮುಖ ಬರ್ಲಿ." ಕೊನೆಗೆ ಕೈ ಕೂಡಿದ ಗಳಿಗೆಗೇ ಸದ್ದು ಬಂತು. ಅಮ್ಮ ಮಗುವಿನಂತೆ ನಕ್ಕಳು.

ಆಮೇಲೆ ಮಾಮ ಭಾನುವಾರಗಳಲ್ಲಿ ಕಾಫಿಗೆ ಬರುತ್ತಿದ್ದರು. ಅಮ್ಮ ಹೇಳಿದ್ದನ್ನೇ ಹೇಳುವಾಗಲೂ ಹೊಸದೆಂಬಂತೆ ಕೇಳುತ್ತಿದ್ದರು. ಅಮ್ಮ ಹೆಸರಿಗಾಗಿ ತಡಕಾಡುವಾಗ ನಾನು ಬಾಯಿ ಹಾಕಿದರೆ, "ಬಂತಪ್ಪಾ ಎಕ್ಸ್‌ಪ್ರೆಸ್ಸು" ಎಂದು ಕಾಲೆಳೆಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ನಗುವೂ.

ಹೋದ ವರ್ಷ ಮಾಮನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಅಂಗಡಿ ಮುಚ್ಚಿ, ಮಗಳು ಅದೇ ಲೋಕಲ್ ರೈಲಿನ ದಾರಿಯಲ್ಲಿರುವ ಪಲ್ಲಾವರಂನ ತನ್ನ ಮನೆಗೆ ಕರೆದುಕೊಂಡು ಹೋದಳು. ಆಫೀಸು ಮುಗಿಸಿ ಒಂದು ಸಂಜೆ ನೋಡಲು ಹೋದೆ. ಮಾಮನ ತುಟಿ ಮೊದಲು ಅಲುಗುತ್ತಿತ್ತು, ಮಾತು ಎಷ್ಟೋ ಹೊತ್ತಿನ ಮೇಲೆ ಬರುತ್ತಿತ್ತು. ಈಗ ಮುಖ ಮುಂದೆ, ಮಾತು ಹಿಂದೆ. ಕಾಯಬೇಕಾದವಳು ನಾನು. ಅಷ್ಟು ತಿಳಿದೂ ನನ್ನ ಕಣ್ಣು ಗಡಿಯಾರದ ಮೇಲಿತ್ತು, ಮನೆಯಲ್ಲಿ ಅಮ್ಮ ಒಬ್ಬಳೇ ಎಂಬ ನೆಪ ಬೇರೆ. ಎದ್ದು ನಿಂತಾಗ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. "ನಿ..." ಎಂದರು. ತುಟಿ ಅದುರುತ್ತಲೇ ಇತ್ತು.

"ನೀರಾ ಮಾಮಾ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಓಡಿಹೋಗಿ ಲೋಟ ತಂದೆ. ನನ್ನ ಮುಖವನ್ನೇ ನೋಡುತ್ತಾ ಎರಡು ಗುಟುಕು ಕುಡಿದರು. "ಬರ್ತೀನಿ ಮಾಮಾ" ಎಂದು ಹೊರಟುಬಿಟ್ಟೆ. ಒಂದು ರೈಲು ತಪ್ಪಿದರೆ ಹತ್ತು ನಿಮಿಷಕ್ಕೆ ಇನ್ನೊಂದು ಬರುವ ಲೈನು ಅದು.

ಎರಡು ವಾರಕ್ಕೆ ಮಾಮ ಹೋದರು. ಸಾವಿನ ಮನೆಯಲ್ಲಿ ಅವರ ಮಗಳು ನನ್ನ ಕೈ ಹಿಡಿದು ಹೇಳಿದಳು: "ಅವತ್ತು ನೀವು ಹೋದ್ಮೇಲೆ ಅಪ್ಪಂಗೆ ಮಾತು ಬಂತು ಅಕ್ಕಾ. 'ನಿಲ್ಲು' ಅಂದ್ರು. ಎರಡು ಸಲ ಅಂದ್ರು. ಗೇಟ್ ತನಕ ಓಡಿ ಬಂದೆ, ನೀವಿರ್ಲಿಲ್ಲ."

ಏನು ಹೇಳಬೇಕೆಂದಿದ್ದರೋ ಇನ್ನು ಗೊತ್ತಾಗುವುದಿಲ್ಲ. ಈಗ ಅಮ್ಮ ಒಂದು ಹೆಸರಿಗಾಗಿ ಎಷ್ಟು ಹೊತ್ತು ತಡಕಾಡಿದರೂ ನಾನು ಬಾಯಿ ಹಾಕುವುದಿಲ್ಲ. ಆ ಪೆನ್‌ಡ್ರೈವ್ ನಮ್ಮಲ್ಲೇ ಉಳಿದಿದೆ. ಅಮ್ಮ ಒಮ್ಮೊಮ್ಮೆ "ಅವರನ್ನ ಹಾಕೇ" ಎನ್ನುತ್ತಾಳೆ. ಮಾಮನ ಕೈ ಕೂಡುತ್ತದೆ, ಅದೇ ಗಳಿಗೆಗೆ ಸದ್ದು ಬರುತ್ತದೆ. ಆಮೇಲೆ ಏನೋ ಹೇಳಲು ಅವರು ಬಾಯಿ ತೆರೆಯುತ್ತಾರೆ, ವೀಡಿಯೊ ಅಲ್ಲಿಗೆ ಮುಗಿಯುತ್ತದೆ. ರಿಮೋಟ್ ಹಿಡಿದು ನಾನು ಖಾಲಿ ಪರದೆಯ ಮುಂದೆ ನಿಂತೇ ಇರುತ್ತೇನೆ.