ಜುಟ್ಟಿನ ಕಾಯಿಗೆ ಔಟ್‌ರೇಜ್

ಒಂದು ಲಾರಿ ತೆಂಗಿನಕಾಯಿಯ ವ್ಯಾಪಾರ. ಹೊಳೆನರಸೀಪುರದಿಂದ ನನ್ನ ಲೋಡು ಹೋದ ಮರುದಿನ ಕಾಯಿ ಕೊಂಡ ಕಂಪನಿಯ ಮ್ಯಾನೇಜರ್ ಮೆಸೇಜು ಹಾಕಿದ: ನಿಮ್ಮ ಕಾಯಿ ನೋಡಿ ನಮಗೆ ಔಟ್‌ರೇಜ್ ಆಗಿದೆ, ವಾಪಸ್ ಕಳಿಸುತ್ತೇವೆ.

ಇಂಗ್ಲಿಷ್ ಟೀಚರಾದ ಸೊಸೆಯನ್ನು ಕೇಳಿದೆ. "ಆಂಗ್ರಿ ಅಂದ್ರೆ ಕೋಪ, ಫ್ಯೂರಿಯಸ್ ಅಂದ್ರೆ ಕೆಂಡಾಮಂಡಲ. ಔಟ್‌ರೇಜ್ ಅಂದ್ರೆ ಅನ್ಯಾಯ ಕಂಡು ಉಕ್ಕೋ ಸಿಟ್ಟು, ಮಾವ."

ಅನ್ಯಾಯವೇ? ಮೈಯೆಲ್ಲ ಉರಿದು ಫೋನ್ ಮಾಡಿದೆ. "ನಾನೇನ್ ಸಾ ಅನ್ಯಾಯ ಮಾಡಿರೋದು?"

"ಅರ್ಧಂಬರ್ಧ ಸುಲಿದು ಕಾಯಿಗೆಲ್ಲ ಜುಟ್ಟು ಬಿಟ್ಟಿದ್ದೀರಲ್ಲ!"

"ಜುಟ್ಟು ಕಿತ್ರೆ ಕಣ್ಣಿಂದಲೇ ಕಾಯಿ ಕೊಳೀತದೆ ಕಣಪ್ಪ! ತೆಂಗಿನಕಾಯಿನ ಫೋಟೋದಲ್ಲಿ ಮಾತ್ರ ನೋಡಿದ್ದೀಯಾ?"

ಮ್ಯಾನೇಜರ್ ದನಿ ಇಳಿಸಿ, "ಹಾಗಾದ್ರೆ ಔಟ್‌ರೇಜ್ ಬೇಡ, ಸ್ವಲ್ಪ ಅಪ್‌ಸೆಟ್ ಅಂತ ಇಟ್ಕೊಳ್ಳಿ" ಅಂದ.

ಲೋಡು ಅಲ್ಲೇ ಇಳಿಯಿತು, ದುಡ್ಡೂ ಬಂತು. ಮೇಲೆ ಸಿಟ್ಟಿಗೆ ನಾಲ್ಕು ಇಂಗ್ಲಿಷ್ ಹೆಸರು ಲಾಭ. ಕ್ಷಮೆ ಕೇಳುವ ಪದ ಮಾತ್ರ ಆ ಕಡೆಯಿಂದ ಒಂದೂ ಬರಲಿಲ್ಲ.