ಅರ್ಧ ಜಡೆಗೇ ಸೋಲುವ ತೋಳು

ಸೌಮ್ಯಳಿಗೆ ಕ್ಯಾನ್ಸರ್ ಬಂದದ್ದಕ್ಕಿಂತ ಹೆಚ್ಚು ಸಂಕಟವಾದದ್ದು, ಮಗಳು ಹರ್ಷಿತಾ ಜಡೆ ಹಾಕಿಸಿಕೊಳ್ಳಲು ಚಿಕ್ಕಮ್ಮನ ಹತ್ತಿರ ಓಡತೊಡಗಿದಾಗ.

ಕುಶಾಲನಗರದ ಹತ್ತಿರದ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಸುಮ್ಮನೆ ಕೂತವಳಲ್ಲ. ಶುಂಠಿ ಕೀಳುವಾಗ ಗಂಡಾಳುಗಳೇ ಸೊಂಟ ಹಿಡಿದು ನಿಂತರೂ ಇವಳು ಬಗ್ಗಿದ ಬೆನ್ನು ಎತ್ತುತ್ತಿರಲಿಲ್ಲ. ಈಗ ಮೈಸೂರಿನಲ್ಲಿ ಸ್ತನದ ಗಡ್ಡೆ ತೆಗೆಸಿ, ಕೀಮೋ ಮುಗಿಸಿ ಬಂದು ತಿಂಗಳುಗಳಾದರೂ ಸ್ನಾನ ಮಾಡಿದರೆ ಮತ್ತೆ ಮಲಗಬೇಕು. ಎಷ್ಟು ನಿದ್ದೆ ಮಾಡಿದರೂ ಸುಸ್ತು ಇಳಿಯದು. ಮಗಳ ತಲೆಗೆ ಕೈಯೆತ್ತಿದರೆ ಅರ್ಧ ಜಡೆಗೇ ತೋಳು ಸೋತುಬಿಡುತ್ತಿತ್ತು.

ಮೈದುನನ ಹೆಂಡತಿ ರಂಜಿತಾಳೋ, ಅಡುಗೆ, ದನ, ಮಕ್ಕಳು ಎಲ್ಲವನ್ನೂ ನಗುನಗುತ್ತಲೇ ಮುಗಿಸುವಳು. ಆ ನಗು ಕಂಡರೇ ಸೌಮ್ಯಳಿಗೆ ಹೊಟ್ಟೆ ಉರಿಯುತ್ತಿತ್ತು. ಅವಳ ಗಟ್ಟಿಮುಟ್ಟಾದ ತೋಳುಗಳನ್ನು ನೋಡಿದರೆ, ತನ್ನ ಶಕ್ತಿಯನ್ನೇ ಕದ್ದಳೇನೋ ಅನ್ನಿಸುತ್ತಿತ್ತು.

ರಕ್ತ ಕಡಿಮೆಯಿದೆಯೆಂದು ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ನುಂಗುವಾಗ ರಂಜಿತಾ ಅಂದಳು, “ಅಕ್ಕ, ಕಾಫಿ ಜೊತೆ ತಗೋಬೇಡಿ. ನಿಂಬೆ ಶರಬತ್ತು ಮಾಡ್ಕೊಡ್ತೀನಿ.”

“ಕಾಫಿ ಕುಡಿಯೋಕೂ ನಿನ್ನ ಕೇಳ್ಬೇಕೇನೇ?”

ಬೇರೆ ಯಾರು ಹೇಳಿದ್ದರೂ ಕೇಳುತ್ತಿದ್ದಳು. ಹೇಳಿದವಳು ರಂಜಿತಾ ಎಂಬ ಒಂದೇ ಕಾರಣಕ್ಕೆ, ದಿನವೂ ಅವಳ ಕಣ್ಣೆದುರೇ ನಿಂತು ಬೆಲ್ಲದ ಕಾಫಿಯಲ್ಲಿ ಮಾತ್ರೆ ನುಂಗಿದಳು.

ಮುಂದಿನ ತಪಾಸಣೆಯಲ್ಲಿ ರಕ್ತ ಏರಿರಲಿಲ್ಲ. “ಗಡ್ಡೆ ಮತ್ತೆ ಬಂತಾ ಡಾಕ್ಟ್ರೇ?” ಎಂದಳು ಸೌಮ್ಯ.

“ಇಲ್ಲಮ್ಮ. ಕೀಮೋದಿಂದ ರಕ್ತ ಹುಟ್ಟೋ ಮೂಳೆ ಮಜ್ಜೆಗೂ ಪೆಟ್ಟು ಬಿದ್ದಿದೆ. ಮೈಯೊಳಗಿನ ಉರಿಯೂತ ಇನ್ನೂ ಪೂರ್ತಿ ಆರಿಲ್ಲ, ಅದು ಮಿದುಳಿಗೇ ಸುಸ್ತು ಮುಟ್ಟಿಸುತ್ತೆ. ಮಲಗಿ ಮಲಗಿ ಸ್ನಾಯುನೂ ಸೊರಗಿದೆ. ಇದು ಸೋಮಾರಿತನ ಅಲ್ಲ, ನಿಧಾನವಾಗಿ ಹೋಗುತ್ತೆ. ಮಾತ್ರೆ ಯಾವುದರಲ್ಲಿ ನುಂಗ್ತೀರಿ?”

“ಕಾಫೀಲಿ.”

ಡಾಕ್ಟರು ತಲೆ ಚಚ್ಚಿಕೊಂಡರು. “ನಿಮ್ಮ ಕೊಡಗಿನ ಕಡೆಯವರಿಗೆಲ್ಲ ಇದನ್ನೇ ಹೇಳ್ಬೇಕು! ಕಾಫಿ ಜೊತೆ ನುಂಗಿದ್ರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಉಳಿದದ್ದು ನಿಮ್ಮ ಕೈಲಿಲ್ಲ, ಇದೊಂದಾದ್ರೂ ಇತ್ತು.”

ಮನೆಗೆ ಬಂದ ಸೌಮ್ಯ ಅಡುಗೆಮನೆಯಲ್ಲಿ ರಂಜಿತಾಳ ಎದುರು ಕುಕ್ಕರಿಸಿದಳು. ನಾಚಿಕೆಗಿಂತ ಸಿಟ್ಟೇ ಮೇಲೆದ್ದಿತು. “ನೀನ್ ಹೇಳಿದ್ದೇ ಸರಿಯಂತೆ. ನಿನ್ ಕಂಡ್ರೆ ಹೊಟ್ಟೆ ಉರೀತದೆ ಕಣೇ ನಂಗೆ. ನನ್ ಮಗಳನ್ನೂ ನೀನೇ ಇಟ್ಕೊಂಡೆ.”

“ನಂಗೇನ್ ಉರಿಯಲ್ವಾ ಅಕ್ಕ?” ಎಂದಳು ರಂಜಿತಾ. “ದಿನಾ ಜಡೆ ಹಾಕೋಳು ನಾನು. ‘ಅಮ್ಮ ಹಿಂಗೆ ಎಳೀತಿರ್ಲಿಲ್ಲ, ಅಮ್ಮಂಗ್ ಯಾವಾಗ ಹುಷಾರಾಗ್ತದೆ’ ಅಂತ ದಿನಾ ಅದೇ ರಾಗ. ಒಂದ್ ದಿನಾನೂ ‘ಜಡೆ ಚೆನ್ನಾಗದೆ’ ಅಂದಿಲ್ಲ ಅವ್ಳು.”

ರಂಜಿತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸೌಮ್ಯಳಿಗೆ ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಆದರೆ ಮೊದಲು ಖುಷಿಯಾದ ಮೇಲೆ.