ಹಿಂದಿನ ಸೀಟಿನ ಪಟ್ಟಿ

ಮಸ್ಕಿಯ ಚಾಂದ್‌ಪಾಷಾ ಬೇರೆಯವರಿಗಾಗಿ ಹಳೆ ಕಾರು ನೋಡಲು ಹೊರಟನೆಂದರೆ ಕೈಯಲ್ಲಿ ಅವನದೇ ನೀರಿನ ಬಾಟಲಿ ಇರುತ್ತಿತ್ತು. ಮಾರುವವರ ಮನೆಯಲ್ಲಿ ಅವನು ಏನನ್ನೂ ಮುಟ್ಟುತ್ತಿರಲಿಲ್ಲ. ಚಹಾ ಬಂದರೆ ಎದೆಯ ಮೇಲೆ ಕೈಯಿಟ್ಟು, ‘ಆಮ್ಯಾಲ ಕುಡಿಯೋಣ್ರಿ’ ಎನ್ನುತ್ತಿದ್ದ. ಗಾಡಿಯ ಗುಣದೋಷಗಳನ್ನು ಎಲ್ಲರೆದುರು ಹೇಳಿ ಮುಗಿಸಿದ ನಂತರವೇ ಕಪ್ಪಿಗೆ ಕೈ ಹಾಕುತ್ತಿದ್ದುದು.

‘ಈ ಪಾಷಾ ಹೆಣ್ಣು ನೋಡಾಕ ಹೋದಾಗರ ಏನಾರ ತಿಂದಿದ್ನೋ ಇಲ್ಲೋ, ಗೌಸಿಯಾನ್ನ ಕೇಳಬೇಕು’ ಎಂದು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಬಂದೇಸಾಬ ನಗಾಡುತ್ತಿದ್ದ. ಗೌಸಿಯಾ ಪಾಷಾನ ಹೆಂಡತಿ.

ಚಾಂದ್‌ಪಾಷಾ ಬಹಳ ವರ್ಷ ಲಿಂಗಸುಗೂರು, ಮಸ್ಕಿ, ಸಿಂಧನೂರು ದಾರಿಯಲ್ಲಿ ಬಾಡಿಗೆ ಜೀಪು, ಟ್ರ್ಯಾಕ್ಸ್, ಓಡಿಸಿದವನು. ಮೊಣಕಾಲು ಕೈಕೊಟ್ಟ ಮೇಲೆ ಗಾಡಿ ಮಾರಿ ಮನೆಯಲ್ಲಿ ಕೂತ. ಆಮೇಲೆ ಕಾರು ಕೊಳ್ಳುವವರು ಕರೆಯತೊಡಗಿದರು. ಎಣ್ಣೆಯನ್ನು ಬೆರಳಿಗೆ ಹಚ್ಚಿ ಉಜ್ಜುತ್ತಿದ್ದ, ಬಾಗಿಲ ಅಂಚಿನಲ್ಲಿ ಉಗುರಾಡಿಸಿ ಬಣ್ಣ ನೋಡುತ್ತಿದ್ದ, ಡಿಕ್ಕಿಯೊಳಗಿನ ಸ್ಟೆಪ್ನಿ ಎತ್ತಿ ಅದರಡಿ ಕೈಯಾಡಿಸುತ್ತಿದ್ದ. ಇದಕ್ಕೆ ದುಡ್ಡು ತೆಗೆದುಕೊಂಡವನಲ್ಲ. ‘ಪಾಷಾ ಹೂಂ ಅಂದಾನ’ ಎಂಬ ಮಾತು ಊರಲ್ಲಿ ಓಡಾಡಿದರೆ ಅವನಿಗೆ ಸಾಕಿತ್ತು. ಆ ಮಾತಿನ ಮೇಲೆ ಈ ಸೀಮೆಯ ಜನ ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ.

ಲಿಂಗಸುಗೂರಿನ ಅಮರೇಶ್ವರಿ ಮತ್ತು ಶರಣಬಸವ ಅವನನ್ನು ಹುಡುಕಿಕೊಂಡು ಬಂದದ್ದೂ ಆ ಮಾತಿನ ಮೇಲೆಯೇ. ಅಮರೇಶ್ವರಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಅಂಗಡಿ ಇಟ್ಟವಳು. ಗಂಡ ಲೈನ್‌ಮನ್. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಮಂಡಿ ಮಡಿಚಲಾಗದ ಮಾವ. ಸಣ್ಣ ಕಾರಿನಲ್ಲಿ ಮುದುಕನ ಕಾಲು ಹಿಡಿಯುವುದಿಲ್ಲ, ದೊಡ್ಡದನ್ನು ಕೊಳ್ಳುವ ತಾಕತ್ತಿಲ್ಲ. ನಡುವಿನದೊಂದು ಬೇಕು. ವಳಕಮದಿನ್ನಿಯಲ್ಲಿ ಭತ್ತ ಬೆಳೆಯುವ ದೊಡ್ಡಬಸಪ್ಪನ ಬಿಳಿ ಡೀಸೆಲ್ ಕಾರು ಮಾರಾಟಕ್ಕಿದೆ ಎಂದು ಯಾರೋ ಹೇಳಿದ್ದರು.

ಮೂವರೂ ಹೋದ ದಿನ ಅಮರೇಶ್ವರಿ ಮೊದಲು ಮಾಡಿದ ಕೆಲಸವೆಂದರೆ ಕೊರಳಲ್ಲಿದ್ದ ಟೇಪು ತೆಗೆದು ಸೀಟಿನಿಂದ ಸೀಟಿಗೆ ಅಳತೆ ಹಿಡಿದದ್ದು. ದೊಡ್ಡಬಸಪ್ಪ ಬಿದ್ದು ಬಿದ್ದು ನಕ್ಕ. ‘ಏನ್ ತಂಗೀ, ಗಾಡಿಗೆ ಜಂಪರ್ ಹೊಲಿಯಾಕಿ ಏನು?’

‘ನಮ್ಮ ಮಾವನ ಕಾಲು ಹಿಡಸಬೇಕಲ್ರೀ ಅಣ್ಣಾರ. ಉಳಿದಿದ್ದು ಕಾಕಾ ನೋಡ್ತಾರ’ ಎಂದು ಅವಳು ಚಾಂದ್‌ಪಾಷಾನ ಕಡೆ ಕೈ ಮಾಡಿದಳು.

ಕಾಕಾ ನೋಡುವ ಮೊದಲೇ ಒಳಗಿನಿಂದ ದೊಡ್ಡಬಸಪ್ಪನ ತಾಯಿ ಆದಮ್ಮ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಅವನ ಮುಖವನ್ನೇ ನೋಡಿದಳು. ‘ನೀ ಟ್ರ್ಯಾಕ್ಸ್ ಪಾಷಾ ಅಲ್ಲೇನೋ?’

ಅವಳ ಗಂಡ ಸಿಂಧನೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಮಳೆಯಲ್ಲಿ ಹೆಣ ಒಯ್ಯಲು ಯಾವ ಗಾಡಿಯವನೂ ಒಪ್ಪಿರಲಿಲ್ಲ. ಸವಾರಿಗಳನ್ನು ಇಳಿಸಿ ವಳಕಮದಿನ್ನಿಗೆ ಬಂದವನು ಚಾಂದ್‌ಪಾಷಾ. ಬಾಡಿಗೆ ಮುಟ್ಟದೆ ಹೊರಟುಹೋಗಿದ್ದ. ಅವನಿಗೆ ಅದು ಮರೆತೇ ಹೋಗಿತ್ತು. ಅವಳು ಮರೆತಿರಲಿಲ್ಲ.

‘ಅವತ್ತು ನೀರು ಸೈತ ಕುಡೀದ ಹೋದಿ. ಇವತ್ತು ಉಣ್ಣದ ಬಿಡಂಗಿಲ್ಲ, ನಡಿ ಒಳಗ.’

ಬಾಟಲಿ ತೋರಿಸಿದ, ಎದೆಯ ಮೇಲೆ ಕೈಯಿಟ್ಟ. ಮುದುಕಿ ಕೇಳಲಿಲ್ಲ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಡಿಸಿ, ಎದುರಿಗೆ ಕೂತು, ತಿನ್ನುವುದನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ರುಚಿಯಾದ ಊಟ. ಅವನು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ.

ಕೈ ತೊಳೆದು ಬಂದು ಗಾಡಿ ನೋಡಿದ. ಎಂಜಿನ್ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು. ಕೊನೆಗೆ ಅಭ್ಯಾಸದಂತೆ ಸೀಟಿನ ಬೆಲ್ಟುಗಳನ್ನು ಒಂದೊಂದಾಗಿ ಕೊನೆಯವರೆಗೂ ಎಳೆದ. ಮುಂದಿನವೆರಡೂ ಸ್ವಚ್ಛ. ಹಿಂದೆ ಎಡಗಡೆಯದನ್ನು ಎಳೆದಾಗ, ಯಾರೂ ಎಳೆಯದೆ ಒಳಗೇ ಸುತ್ತಿಕೊಂಡಿರುವ ಕೊನೆಯ ಗೇಣಿನಲ್ಲಿ ಬೂದು ಬಣ್ಣದ ಗೆರೆಯೊಂದು ಕಂಡಿತು. ಒಣಗಿದ ರೇವೆ ಮಣ್ಣು. ಬೆರಳಿಗೆ ಹತ್ತಿತು. ಕಾಲುವೆಯ ಮಣ್ಣು ಅವನಿಗೆ ಗೊತ್ತಿರದ ಮಣ್ಣೇನಲ್ಲ. ಈ ಕಾರು ಸೀಟಿನ ಮಟ್ಟ ನೀರಲ್ಲಿ ನಿಂತು ಬಂದದ್ದು. ಅಂಥ ಗಾಡಿಯ ಎಂಜಿನ್ ಎಷ್ಟೇ ಚೆನ್ನಾಗಿರಲಿ, ವೈರುಗಳು ಒಳಗೊಳಗೇ ಕೊಳೆಯುತ್ತವೆ; ಮೂರು ತಿಂಗಳಿಗೋ ಆರು ತಿಂಗಳಿಗೋ ತಮ್ಮ ಆಟ ತೋರಿಸುತ್ತವೆ.

ತಲೆ ಎತ್ತಿದ. ಹೊಸ್ತಿಲಲ್ಲಿ ಆದಮ್ಮ ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದಳು. ಅವನ ಕೈಯಲ್ಲಿ ಪುಂಡಿ ಪಲ್ಯದ ವಾಸನೆ ಇನ್ನೂ ಇತ್ತು. ಆ ಕೈಯಿಂದಲೇ, ಅವಳ ಅಂಗಳದಲ್ಲೇ, ಅವಳ ಮಗ ಮೋಸಗಾರ ಎಂದು ಹೇಗೆ ತೋರಿಸುವುದು? ಬೆಲ್ಟನ್ನು ಬಿಟ್ಟ. ಅದು ಸರ್ರನೆ ಒಳಗೆ ಹೋಯಿತು.

‘ಗಾಡಿ ಹೆಂಗೈತಿ ಕಾಕಾ?’ ಎಂದಳು ಅಮರೇಶ್ವರಿ.

‘ಅಡ್ಡಿಯಿಲ್ಲವ್ವಾ.’

ಆ ಮಾತಿನ ಮೇಲೆ ಅವರು ಕಾರು ಕೊಂಡರು. ಊರಿಗೆ ಮರಳುವಾಗ ಚಾಂದ್‌ಪಾಷಾ ಬಾಟಲಿಯನ್ನು ಅಲ್ಲೇ ಮರೆತು ಬಂದಿದ್ದ.

ಚಳಿಗಾಲ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಕಾರಿನ ಕಿಟಕಿಗಳು ತಾವಾಗಿಯೇ ಇಳಿಯುತ್ತಿದ್ದವು. ಒಂದು ಸಂತೆ ದಿನ ಲಿಂಗಸುಗೂರಿನ ಬಸ್ ನಿಲ್ದಾಣದ ಮುಂದೆ ಹಾರನ್ ಹೊಡೆದುಕೊಳ್ಳಲು ಶುರುವಾದದ್ದು ನಿಲ್ಲಲೇ ಇಲ್ಲ. ಹೆಣ್ಣುಮಕ್ಕಳು ದುಪಟ್ಟಾದಿಂದ ಮುಖ ಮುಚ್ಚಿಕೊಂಡರು. ಮಾವ ಕಿವಿ ಮುಚ್ಚಿಕೊಂಡ. ಸುತ್ತ ನೆರೆದ ಮಂದಿಯಲ್ಲಿ ಒಬ್ಬ ಕೂಗಿದ: ‘ಊರಿಗೆಲ್ಲ ಕರೆಂಟ್ ಕೊಡಾಂವ, ತನ್ನ ಹಾರನ್ ಆರಿಸಾಕ ಬರವಲ್ದು ನೋಡ್ರೋ!’ ಶರಣಬಸವ ಬ್ಯಾಟರಿಯ ವೈರು ಕಿತ್ತು, ಗಾಡಿಯನ್ನು ತಳ್ಳಿಕೊಂಡು ಹೋದ.

ಬಂದೇಸಾಬನ ಅಂಗಡಿಯಲ್ಲಿ ಇದನ್ನು ಕೇಳಿದ ಚಾಂದ್‌ಪಾಷಾ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಮರುದಿನದಿಂದ ಆ ಕಡೆ ಹೋಗಲಿಲ್ಲ. ಮನೆಯ ಮುಂದೆ ಕಾರಿನ ಸದ್ದಾದರೆ ಹಿತ್ತಲಿಗೆ ಸರಿಯುತ್ತಿದ್ದ. ಬೈಯಲು ಬರುತ್ತಾರೆ, ಬರಲಿ, ಬೈಸಿಕೊಳ್ಳೋಣ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದ.

ಅವರು ಬಂದರು. ಬೈಯಲಿಲ್ಲ. ಅಮರೇಶ್ವರಿ ಗೌಸಿಯಾಳಿಗೆಂದು ತಾನೇ ಹೊಲಿದ ಕುಪ್ಪಸ ತಂದಿದ್ದಳು.

‘ಕಾಕಾ, ಒಂದ್ ಮಾತು ಹೇಳ್ರಿ ಇವರಿಗೆ’ ಎಂದು ಗಂಡನನ್ನು ತೋರಿಸಿದಳು. ‘ನೀವು ನೋಡಿ ಕೊಡಿಸಿದ ಗಾಡಿ. ಇವರು ತಂದ ಎಂಟ್ ದಿನಕ್ಕ ಹಾಡಿನ ಡಬ್ಬಿ ಕುಂದರಿಸಿದ್ರು, ವೈರೆಲ್ಲ ಬಿಚ್ಚಿ ಕಟ್ಟಿದ್ರು. ಬ್ಯಾಡ್ರಿ ಅಂದ್ರ ನಾ ಲೈನ್‌ಮನ್ ಅದೀನಿ ಅಂತಾರ. ಕಂಬಕ್ಕ ಹತ್ತೋದು ಬ್ಯಾರೆ, ಕಾರು ಬ್ಯಾರೆ. ಕೆಡಿಸಿ ಇಟ್ರು ನೋಡ್ರಿ.’

ಶರಣಬಸವ ತಲೆ ತಗ್ಗಿಸಿದ. ಎಷ್ಟೋ ದಿನದಿಂದ ಬೈಸಿಕೊಂಡು, ತಪ್ಪು ತನ್ನದೇ ಎಂದು ಒಪ್ಪಿಕೊಂಡವನ ಮುಖವದು. ‘ನಾನ ಏನೋ ತಪ್ಪು ಜೋಡಿಸೀನಿ ಕಾಕಾ’ ಎಂದ. ‘ನೀವು ಸಿಟ್ಟಾಗಬ್ಯಾಡ್ರಿ.’

ಚಾಂದ್‌ಪಾಷಾನ ಕಿವಿ ಕಾದವು. ಬೈಗುಳಕ್ಕೆ ಸಿದ್ಧನಾಗಿದ್ದವನಿಗೆ ಇದನ್ನು ಹೇಗೆ ತಾಳಿಕೊಳ್ಳಬೇಕೆಂದು ತಿಳಿಯಲಿಲ್ಲ. ಈಗಲೂ ಸುಮ್ಮನಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಗಂಡ ಹೆಂಡತಿ ಜಗಳಾಡುತ್ತ ಊರಿಗೆ ಹೋಗುತ್ತಿದ್ದರು.

ಎದ್ದು ಹೊರಗೆ ಹೋದ. ಕಾರಿನ ಹಿಂದಿನ ಎಡಬಾಗಿಲು ತೆಗೆದು ಬೆಲ್ಟನ್ನು ಕೊನೆಯವರೆಗೂ ಎಳೆದು ಹಿಡಿದ. ‘ಇಲ್ಲಿ ನೋಡವ್ವಾ. ಇದು ಕಾಲುವಿ ಮಣ್ಣು. ಈ ಗಾಡಿ ನೀರಾಗ ಮುಳುಗಿತ್ತು. ಶರಣಬಸವಂದು ತಪ್ಪಿಲ್ಲ.’

ಅಮರೇಶ್ವರಿ ಗೆರೆಯನ್ನು ಬೆರಳಿಂದ ಮುಟ್ಟಿ ನೋಡಿದಳು. ‘ಇದು ನಿಮಗ ಯಾವಾಗ ಗೊತ್ತಾತು?’

‘ಅವತ್ತ.’

‘ಅವತ್ತ ಅಂದ್ರ?’

‘ನೀ ಹೆಂಗೈತಿ ಅಂತ ಕೇಳಿದ್ಯಲ್ಲ, ಅದಕ್ಕಿಂತ ಮೊದ್ಲ.’

ಅವಳು ಬೆಲ್ಟು ಬಿಟ್ಟಳು. ಗಂಡನ ಕಡೆ ನೋಡಿದಳು, ಚಾಂದ್‌ಪಾಷಾನ ಕಡೆ ನೋಡಲಿಲ್ಲ. ‘ಎಷ್ಟ್ ದಿನಾ ಆತು ನಾ ಈ ಮನುಷ್ಯಾನ್ನ ಬೈಯಾಕತ್ತು’ ಎಂದಳು, ತನಗೇ ಹೇಳಿಕೊಂಡಂತೆ.

ವಳಕಮದಿನ್ನಿಗೆ ಹೋಗೋಣ ಎಂದವನು ಅವನೇ. ಹಾರನ್ನಿನ ಫ್ಯೂಸು ಕಿತ್ತು, ಕಿಟಕಿ ಇಳಿಯದಂತೆ ರಟ್ಟು ಸಿಕ್ಕಿಸಿ ಹೊರಟರು.

ದೊಡ್ಡಬಸಪ್ಪ ಸುಳ್ಳು ಹೇಳಲಿಲ್ಲ. ಅಂಗಳದಲ್ಲಿ ನಿಂತು, ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. ‘ಹಿಂದಕ್ಕ ತಗಿಯಾಗ ಕಾಲುವಿಗೆ ಇಳದಿತ್ತು, ಖರೇ. ಟ್ರ್ಯಾಕ್ಟರ್ ಕಟ್ಟಿ ಎಳದ್ವಿ. ಆದ್ರ ಪಾಷಾ, ನೀ ಬೆಲ್ಟ್ ಎಳದಿದ್ದು ನಾ ನೋಡೀನಿ. ಈಗ ಹೇಳ್ತಾನ, ರೇಟು ಇಳಿಸ್ತಾನ ಅಂತ ಕಾದೆ. ನೀ ಅಡ್ಡಿಯಿಲ್ಲ ಅಂದಿ. ನೋಡಾಕ ಬಂದಾಂವನ ಒಪ್ಪಿದ ಮ್ಯಾಲ ನಾ ಯಾಕ ಬಾಯಿ ಬಿಡ್ಲಿ?’

‘ನಿಮ್ಮ ಮನ್ಯಾಗ ಉಂಡಿದ್ದೆ’ ಎಂದ ಚಾಂದ್‌ಪಾಷಾ. ‘ಅದಕ್ಕ ಹೇಳಾಕ ಬಾಯಿ ಬರಲಿಲ್ಲ.’

ಹೇಳಿದ ಕೂಡಲೇ ಹೇಳಬಾರದಿತ್ತು ಎನಿಸಿತು. ಆದಮ್ಮ ಹೊಸ್ತಿಲಲ್ಲೇ ಇದ್ದಳು. ಗೋಡೆ ಹಿಡಿದು ಮೆಲ್ಲಗೆ ಅಂಗಳಕ್ಕಿಳಿದು ಬಂದಳು.

‘ಏನಂದಿ? ನನ್ನ ರೊಟ್ಟಿ ಉಂಡು ಸುಳ್ಳು ಹೇಳಿದಿ?’

‘ಅವ್ವಾ, ಹಂಗಲ್ಲ—’

‘ಮತ್ತ ಹೆಂಗ? ನನ್ನ ಗಂಡನ್ನ ಮಣ್ಣಿಗೆ ಮುಟ್ಟಿಸಿದಾಂವ ಅಂತ ನಿನಗ ಉಣ್ಣಾಕ ಹಾಕೀನಿ. ಗಾಡಿ ಮಾರ್ಲಿ ಅಂತ ಅಲ್ಲ. ನೀ ಅದನ್ನ ಬಾಯಿಗೆ ಬೀಗ ಅಂತ ತಿಳಕೊಂಡ್ಯಲ್ಲೋ. ನಿನಗಿಂತ ನನಗ ನಾಚಿಕಿ ಬರಾಕತ್ತೈತಿ ಈಗ.’ ಮಗನ ಕಡೆ ತಿರುಗಿದಳು. ‘ನಿನಗಂತೂ ಇಲ್ಲ ಬಿಡು. ಗಾಡಿ ವಾಪಸ್ ತಗೋ.’

ದೊಡ್ಡಬಸಪ್ಪ ಗೊಣಗಿದ. ಭತ್ತ ಕೊಯ್ಲಿಗೆ ಬಂದಿದೆ, ಅದನ್ನು ಮಾರಿದ ಮೇಲೆ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ ಎಂದ. ಅಲ್ಲಿಯವರೆಗೆ ಗಾಡಿ ನಮ್ಮಲ್ಲೇ ಇರಲಿ ಎಂದಳು ಅಮರೇಶ್ವರಿ. ಆದಮ್ಮ ಹೂಂ ಎಂದಳು. ಒಳಗೆ ಹೋಗಿ ಒಂದು ನೀರಿನ ಬಾಟಲಿ ತಂದು ಚಾಂದ್‌ಪಾಷಾನ ಕೈಗೆ ಕೊಟ್ಟಳು. ಅವನು ಅಂದು ಮರೆತುಹೋದದ್ದು. ತೊಳೆದು ತುಂಬಿಸಿದ್ದಳು. ಊಟಕ್ಕೆ ಏಳು ಎನ್ನಲಿಲ್ಲ.

ಮರಳುವಾಗ ಅವನು ಹಿಂದಿನ ಸೀಟಿನಲ್ಲಿ, ಎಡಗಡೆ ಕೂತ. ಸಿಂಧನೂರಿನ ಹತ್ತಿರ ಪೊಲೀಸರು ಗಾಡಿ ತಡೆಯುವುದು ಕಂಡಿತು.

‘ಬೆಲ್ಟ್ ಹಾಕ್ಕೋರಿ’ ಎಂದಳು ಅಮರೇಶ್ವರಿ ಮುಂದಿನಿಂದ. ಕಾಕಾ ಎನ್ನಲಿಲ್ಲ.

ಮಸ್ಕಿಯಲ್ಲಿ ಎಳೆದು ತೋರಿಸಿದ ಪಟ್ಟಿ ಈ ಸಲ ಒಳಗೆ ಹೋಗದೆ ಸಡಿಲವಾಗಿ ಬಿದ್ದಿತ್ತು. ಅದನ್ನೇ ಎದೆಯ ಮೇಲೆ ಹಾಯಿಸಿ ಸಿಕ್ಕಿಸಿಕೊಂಡ.

ಮಸ್ಕಿಯಲ್ಲಿ ಇಳಿದಾಗ ಶರಣಬಸವ ಮಾತ್ರ ತಲೆಯಾಡಿಸಿದ. ಕಾರು ಲಿಂಗಸುಗೂರಿನ ಕಡೆ ಹೋಯಿತು. ಚಾಂದ್‌ಪಾಷಾ ಮನೆಯ ದಾರಿ ಹಿಡಿಯದೆ ಬಂದೇಸಾಬನ ಅಂಗಡಿಯ ಮುಂದೆ ಬಂದು ನಿಂತ. ಬೆಂಚು ತುಂಬ ಮಂದಿ.

‘ಓಹೋ, ಈದ್ ಹಬ್ಬದ ಚಂದ್ರ ಕಂಡಂಗ ಆತು!’ ಎಂದ ಬಂದೇಸಾಬ. ‘ಮುದಗಲ್‌ದಾಗ ಒಂದು ಕಾರು ಐತಂತ, ಇವರು ನಿನ್ನ ಕೇಳಾಕತ್ತಾರ. ಅದೇನಲೇ, ಅಂಗಿಗೆ ಏನ್ ಬಳಕೊಂಡಿ?’

ಬಿಳಿ ಅಂಗಿಯ ಮೇಲೆ ಹೆಗಲಿಂದ ಎದೆಗೆ ಗೇಣುದ್ದದ ಬೂದು ಬಣ್ಣದ ಗೆರೆ ಓರೆಯಾಗಿ ಮೂಡಿತ್ತು. ಒರೆಸಿಕೊಳ್ಳಲು ಕೈ ಎತ್ತಿದವನು ಹಾಗೇ ಇಳಿಸಿದ.

‘ಹೇಳ್ತೀನಿ’ ಎಂದ, ಕಾರು ನೋಡಬೇಕೆಂದು ಕರೆಯಲು ಬಂದವರ ಕಡೆ ತಿರುಗಿ. ‘ಮೊದ್ಲು ಇದನ್ನ ಕೇಳ್ರಿ. ಕೇಳಿದ ಮ್ಯಾಲೂ ನಾ ಬೇಕು ಅನಿಸಿದ್ರ ಕರೀರಿ.’

ಬಂದೇಸಾಬ ಚಹಾ ಮುಂದೆ ಇಟ್ಟ. ಚಾಂದ್‌ಪಾಷಾ ಅದನ್ನು ಪಕ್ಕಕ್ಕೆ ಸರಿಸಿ ಮಾತು ಶುರು ಮಾಡಿದ.